ಕಣ್ಣಿನೊಳಗಿನ ಜಾಗ

ಗದಗಿನ ಬೇಕರಿಯೊಂದರ ಗಲ್ಲಾದಲ್ಲಿ ಕೂರುವ ರೋಹಿಣಿ ಗಾಣಿಗೇರ ಅವರ ಕಣ್ಣಿನ ಡಿಸ್ಕ್ ತುಂಬಿಹೋಗಿದೆ ಎಂಬ ಸುದ್ದಿ ಹುಬ್ಬಳ್ಳಿಯ ದೃಷ್ಟಿ ಕೇಂದ್ರಕ್ಕೆ ಬಂದಾಗ ಇಂಪನಾ ಬೆಲ್ಲದ ಅದನ್ನು ದೊಡ್ಡ ವಿಷಯ ಎಂದುಕೊಳ್ಳಲಿಲ್ಲ. ಕೃತಕ ಕಣ್ಣುಗಳ ಡಿಸ್ಕ್ ತುಂಬುವುದು ಹೊಸದೇನೂ ಆಗಿರಲಿಲ್ಲ. ಆ ಕೇಂದ್ರದಲ್ಲಿ ಅವಳ ಕೆಲಸವೇ ಅದು: ಕಣ್ಣುಗಳ ಸಾಫ್ಟ್‌ವೇರ್ ನೋಡಿಕೊಳ್ಳುವುದು.

ಕಣ್ಣು ಎಂದರೆ ಹೀಗೆ. ಕನ್ನಡಕದಲ್ಲಿರುವ ಕ್ಯಾಮೆರಾ ಕಂಡದ್ದನ್ನು ಕಿವಿಯ ಹಿಂದೆ, ಚರ್ಮದ ಕೆಳಗೆ ಕೂರಿಸಿದ ಹುಣಸೆಬೀಜದಷ್ಟು ಕಂಪ್ಯೂಟರ್ ತೆಗೆದುಕೊಂಡು, ಕಣ್ಣಿನ ಒಳಪರದೆಗೆ ಅಂಟಿಸಿದ ತೆಳುವಾದ ಜಾಲರಿಗೆ ಕಳಿಸುತ್ತದೆ. ಜಾಲರಿಯಲ್ಲಿರುವುದು ಕೆಲವೇ ಸಾವಿರ ಚುಕ್ಕೆಗಳು. ಅಷ್ಟು ಚುಕ್ಕೆಗಳಲ್ಲಿ ಕಂಡದ್ದೆಲ್ಲ ಹಿಡಿಸುವುದಿಲ್ಲವಾದ್ದರಿಂದ, ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು ಎಂದು ಕ್ಷಣಕ್ಷಣಕ್ಕೂ ಯಾರಾದರೂ ತೀರ್ಮಾನಿಸಬೇಕು. ಆ ಕೆಲಸ ಪ್ಯಾಕೇಜು ಎಂಬ ಬಿಡಿ ಬಿಡಿ ಪ್ರೋಗ್ರಾಮುಗಳದ್ದು. ಮುಖದ ಪ್ಯಾಕೇಜು ಕಣ್ಣು, ಹುಬ್ಬು, ತುಟಿಗಳನ್ನು ತಿದ್ದಿ ತೋರಿಸುತ್ತದೆ. ದಾರಿಯ ಪ್ಯಾಕೇಜು ಮೆಟ್ಟಿಲು, ಗುಂಡಿ, ಎದುರು ಬರುವ ಗಾಡಿಗಳನ್ನು ಎತ್ತಿ ತೋರಿಸುತ್ತದೆ. ಅಕ್ಷರದ್ದು, ಬಣ್ಣದ್ದು, ಕೈಬೆರಳುಗಳದ್ದು ಎಂದು ಬೇರೆ ಬೇರೆ ಇವೆ. ಇವೆಲ್ಲ ಓಡುವುದು ಆಸ್ಪತ್ರೆಯ ಸರ್ವರುಗಳಲ್ಲಿ ಇರುವಂಥದ್ದೇ ಲಿನಕ್ಸ್ ಎಂಬ ಮೂಲ ವ್ಯವಸ್ಥೆಯ ಮೇಲೆ. ಒಂದೇ ವ್ಯತ್ಯಾಸವೆಂದರೆ, ಸರ್ವರಿನ ಡಿಸ್ಕ್ ಸಾಲದಿದ್ದರೆ ಇನ್ನೊಂದು ಸಿಕ್ಕಿಸಬಹುದು. ತಲೆಯೊಳಗಿನ ಡಿಸ್ಕಿಗೆ ಆ ಸೌಕರ್ಯ ಇಲ್ಲ.

ಜನ ಇದಕ್ಕೂ ಹೊಂದಿಕೊಂಡಿದ್ದರು. ವಿಜಯಪುರದ ಒಬ್ಬ ಶಾಲಾ ಮಾಸ್ತರು ಬಣ್ಣ ಬಿಟ್ಟುಕೊಟ್ಟು ಮಿಕ್ಕದ್ದನ್ನು ಉಳಿಸಿಕೊಂಡಿದ್ದರು. ಶಿರಸಿಯ ಮದುವೆ ಅಡುಗೆಯವರೊಬ್ಬರು ಮುಖಗಳನ್ನೇ ತೆಗೆಸಿ, ದನಿ ಮತ್ತು ನಡಿಗೆಯಿಂದ ಜನರನ್ನು ಗುರುತಿಸುತ್ತಿದ್ದರು. ಒಬ್ಬೊಬ್ಬರದು ಒಂದೊಂದು ಆಯ್ಕೆ.

ಆದರೆ ಈ ಸಲ ಕಾಯುವುದಕ್ಕೆ ಸಮಯ ಇರಲಿಲ್ಲ. ಜಾಲರಿಗೆ ವಿದ್ಯುತ್ ಕೊಡುವ ಹಳೆಯ ಪ್ರೋಗ್ರಾಮಿನಲ್ಲಿ ಒಂದು ದೋಷ ಪತ್ತೆಯಾಗಿತ್ತು. ಬೇಸಿಗೆಯ ಕಾವಿನಲ್ಲಿ ಜಾಲರಿ ಮಿತಿಮೀರಿ ಬಿಸಿಯಾಗಿ ಅದರಡಿಯ ನರವನ್ನು ಸುಡಬಹುದಿತ್ತು. ಆ ಕಣ್ಣು ತಯಾರಿಸಿದ ಕಂಪನಿ ಎಂದೋ ಬಾಗಿಲು ಹಾಕಿತ್ತು. ಬೇರೆ ಬೇರೆ ದೇಶಗಳ ವೈದ್ಯರು, ಎಂಜಿನಿಯರುಗಳು ಸೇರಿ ಹೊಸ ಪ್ರೋಗ್ರಾಮು ಬರೆದು ಎಲ್ಲರಿಗೂ ಹಂಚಿದ್ದರು. ಅದಕ್ಕೆ ಮುನ್ನೂರು ಎಂಬಿ ಜಾಗ ಬೇಕು. ರೋಹಿಣಿಯವರ ಡಿಸ್ಕಿನಲ್ಲಿ ಖಾಲಿ ಇದ್ದದ್ದು ಅರವತ್ತು.

"ಕಿವಿ ಹಿಂದಿನ ಚಿಪ್ಪನ್ನೇ ಬದಲಿ ಮಾಡಿದ್ರ?" ಎಂದು ಇಂಪನಾ ಕೇಳಿದಳು.

ಕೇಂದ್ರದ ಶಸ್ತ್ರವೈದ್ಯ ಡಾ. ಪ್ರಹ್ಲಾದ ಜಾಲಿಹಾಳ ಅಡ್ಡಡ್ಡ ತಲೆಯಾಡಿಸಿದರು. "ಹಿಂದಿನ ಸಲಾನ ಗಾಯ ಕೀವಾಗಿ ಭಾಳ ತ್ರಾಸ ಆಗಿತ್ತು. ಮತ್ತೊಮ್ಮೆ ಕೊಯ್ದ್ರ ನರ ಉಳೀತದ ಅಂತ ನಾ ಖಾತ್ರಿ ಕೊಡಲಿಕ್ಕೆ ಆಗೂದಿಲ್ಲ. ಇದ್ದದ್ದರಾಗ ಜಾಗಾ ಹುಡುಕು, ಇಂಪನಾ."

ಪ್ಯಾಕೇಜುಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ ಮುಖದ್ದೇ ಮೊದಲು ಬರುತ್ತಿತ್ತು. ಅದೊಂದನ್ನು ತೆಗೆದರೆ ಸಾಕಾಗುತ್ತಿತ್ತು. ದಾರಿಯದ್ದನ್ನು ಮುಟ್ಟುವಂತಿರಲಿಲ್ಲ. ಉಳಿದವು ಯಾವುವೂ ಒಂಟಿಯಾಗಿ ಸಾಲುತ್ತಿರಲಿಲ್ಲ.

ರೋಹಿಣಿ ತಮ್ಮ ಗಂಡನ ಜೊತೆ ಬಂದರು. ಐವತ್ತರ ಆಚೀಚೆಯ ಹೆಂಗಸು, ನೇರ ಮಾತು. ಗಂಡ ಮೈಲಾರಪ್ಪ ಹುಟ್ಟಿನಿಂದ ಕಿವುಡ. ಬೇಕರಿಯ ಭಟ್ಟಿ ನೋಡಿಕೊಳ್ಳುವವರು ಅವರೇ. ಮುಖದ ಪ್ಯಾಕೇಜು ತೆಗೆಯಬೇಕಾಗುತ್ತದೆ ಎಂದು ಜಾಲಿಹಾಳ ಹೇಳಿದ್ದನ್ನು ರೋಹಿಣಿ ಕೈಯಲ್ಲಿ ಗಂಡನಿಗೆ ಹೇಳಿದರು. ಅವರು ಕೈಯಲ್ಲೇ ಏನೋ ಉತ್ತರ ಕೊಟ್ಟರು. ಇಂಪನಾ ಕೆಲಸಕ್ಕೆ ಬೇಕೆಂದು ಸಂಜ್ಞಾಭಾಷೆ ಕಲಿತವಳು. ಆದರೂ ಅವರಿಬ್ಬರ ಮಾತಿನಲ್ಲಿ ಅವಳಿಗೆ ಒಂದು ಪದವೂ ತಿಳಿಯಲಿಲ್ಲ.

"ಮುಖ ಹೋದ್ರ ಮಾತು ಅರ್ಧಾ ಹೋದಂಗರಿ," ಎಂದರು ರೋಹಿಣಿ. "ಇವರ ಕೈ 'ಉಂಡಿ' ಅಂತೈತಿ. ಹುಬ್ಬು ಏರಿದ್ರ 'ಉಂಡ್ಯಾ?' ಅಂತ ಆಗತೈತಿ. ಹುಬ್ಬು ಕಾಣಲಿಲ್ಲಂದ್ರ ಕೇಳಾಕತ್ತಾರೋ ಹೇಳಾಕತ್ತಾರೋ ನನಗ ಹೆಂಗ ಗೊತ್ತಾಗಬೇಕು?"

ಜಾಲಿಹಾಳ ಮತ್ತೊಮ್ಮೆ ಪ್ಯಾಕೇಜುಗಳ ಪಟ್ಟಿ ನೋಡಿದರು. ರೋಹಿಣಿಯೇ ಮುಂದುವರಿಸಿದರು. "ಬ್ಯಾರೆ ದಾರಿ ಇಲ್ಲಂದ್ರ ತಗೀರಿ ಡಾಕ್ಟ್ರ. ಪೂರಾ ಕತ್ತಲಿಗಿಂತ ಅದ ಛಲೋ. ನಾ ಅದನ್ನೂ ನೋಡೇನಿ."

ಆ ಕತ್ತಲೆಯ ಕಥೆ ಇಂಪನಾಳಿಗೆ ಆಮೇಲೆ ತಿಳಿಯಿತು. ಮೂವತ್ತು ದಾಟಿದ ಮೇಲೆ ರೋಹಿಣಿಯವರ ದೃಷ್ಟಿ ಮೆಲ್ಲಗೆ ಆರಿಹೋಗಿತ್ತು. ಹೆಂಡತಿಗೆ ಕಾಣುವುದಿಲ್ಲ, ಗಂಡನಿಗೆ ಕೇಳುವುದಿಲ್ಲ. ಮದುವೆಯಾದಂದಿನಿಂದ ಇಬ್ಬರೇ ಕೂತು ಕಟ್ಟಿಕೊಂಡಿದ್ದ ಕೈಮಾತು ಒಂದು ಕಡೆಯಿಂದ ಕಡಿದುಹೋಯಿತು. ಆಗ ಮೈಲಾರಪ್ಪ ಹೆಂಡತಿಯ ಅಂಗೈಯನ್ನು ತಮ್ಮ ಕೈಯೊಳಗೆ ಇಟ್ಟುಕೊಂಡು, ಬೆರಳುಗಳನ್ನು ಮಡಚಿ, ಬಿಡಿಸಿ, ಒತ್ತಿ ಮಾತಾಡುವುದನ್ನು ಕಂಡುಹಿಡಿದರು. ಕಣ್ಣು ಕೂರಿಸುವವರೆಗೆ, ವರ್ಷಗಟ್ಟಲೆ, ಹಾಗೆಯೇ ನಡೆಯಿತು.

ಅವರು ಹೋದ ಮೇಲೆ ಇಂಪನಾ ಲ್ಯಾಬಿನಲ್ಲಿ ಕೂತು ಲೆಕ್ಕವನ್ನು ಇನ್ನೊಮ್ಮೆ ಮಾಡಿದಳು. ಕಣ್ಣಿನೊಳಗೆ ಏನಿದೆ ಎಂದು ಇಣುಕಿ ನೋಡುವುದು ಸಾಧ್ಯವಿರಲಿಲ್ಲ. ಮನುಷ್ಯ ಕಂಡದ್ದು ಅವನ ದೇಹದಿಂದ ಹೊರಗೆ ಬರಬಾರದು ಎಂದು ಕಾನೂನು ಬಂದ ಮೇಲೆ ಈ ಚಿಪ್ಪುಗಳ ಬಾಗಿಲು ಒಳಮುಖವಾಗಿ ಮಾತ್ರ ತೆರೆಯುತ್ತಿತ್ತು. ಹೊಸ ಪ್ಯಾಕೇಜು ಒಳಗೆ ಕಳಿಸಬಹುದು, ಹಳೆಯದನ್ನು ಅಳಿಸಬಹುದು, ಯಾವುದು ಎಷ್ಟು ಜಾಗ ಹಿಡಿದಿದೆ ಎಂದು ಕೇಳಬಹುದು. ಒಂದು ಅಕ್ಷರವನ್ನೂ ಹೊರಗೆ ತೆಗೆದು ಓದುವಂತಿಲ್ಲ, ನಕಲು ಮಾಡಿ ಇಟ್ಟುಕೊಳ್ಳುವಂತಿಲ್ಲ. ಅವಳ ಕೈಯಲ್ಲಿ ಉಳಿದಿದ್ದ ಸಾಧನವೆಂದರೆ ಅಳತೆಯೊಂದೇ.

ಅಳತೆಯನ್ನು ಎರಡು ಥರ ಕೇಳಬಹುದಿತ್ತು. ಪ್ಯಾಕೇಜು ಕಟ್ಟುವ ದಿನವೇ ಕಟ್ಟಿದವರು ಅದರ ಮೇಲೆ 'ಇದನ್ನು ಬಿಚ್ಚಿದರೆ ಇಷ್ಟು ಜಾಗ ಬೇಕು' ಎಂದು ಬರೆದಿರುತ್ತಾರೆ. ಲಿನಕ್ಸ್ ಅದನ್ನೇ ನೆನಪಿಟ್ಟುಕೊಂಡು, ಕೇಳಿದಾಗ ಹೇಳುತ್ತದೆ. ಥಟ್ಟನೆ ಸಿಗುವ ಉತ್ತರ ಅದು. ಎಲ್ಲರೂ ಕೇಳುವುದೂ ಅದನ್ನೇ. ಇನ್ನೊಂದು ಥರವೆಂದರೆ ಡಿಸ್ಕಿನೊಳಗೆ ಮೂಲೆಮೂಲೆಗೆ ಹೋಗಿ ಒಂದೊಂದೇ ಫೈಲು ನಿಜವಾಗಿ ಹಿಡಿದಿರುವ ಜಾಗವನ್ನು ಕೂಡಿಸುತ್ತ ಬರುವುದು. ಅಷ್ಟು ಸಣ್ಣ ಕಂಪ್ಯೂಟರಿಗೆ ಅದು ಬಹಳ ಹೊತ್ತು ಹಿಡಿಯುವ ಕೆಲಸ. ಇಂಪನಾ ಎರಡನ್ನೂ ಮಾಡಿದಳು. ಎರಡೂ ಹೊಂದಲಿಲ್ಲ. ಎಲ್ಲ ಪ್ಯಾಕೇಜುಗಳು ಹೇಳಿಕೊಳ್ಳುವ ಅಳತೆಯನ್ನು ಕೂಡಿಸಿದ ಮೇಲೂ ಡಿಸ್ಕಿನಲ್ಲಿ ಇನ್ನೂರೈವತ್ತು ಎಂಬಿಯಷ್ಟು ಜಾಗ ಯಾರ ಹೆಸರಿಗೂ ಸೇರದೆ ಉಳಿಯಿತು.

ಜಾಲಿಹಾಳರ ಮುಖ ಅರಳಿತು. "ಮತ್ತೇನು! ಕಸ ಅದು. ಅದನ್ನ ಅಳಿಸಿಬಿಡು. ಖಾಲಿ ಇರೂದು ಸೇರಿಸಿದ್ರ ಮುನ್ನೂರು ಆಗೇ ಆಗ್ತದ. ಮುಖಾನೂ ಉಳೀತು, ನರಾನೂ ಉಳೀತು."

"ಕಸ ಆಗಿದ್ರ ಅಡ್ಡಿ ಇಲ್ಲ ಸರ್. ಯಾರದಂತ ಗೊತ್ತಾಗಲಿ."

"ಒಳಗ ನೋಡಾಕಂತೂ ಬರೂದಿಲ್ಲ. ಹೆಂಗ ಗೊತ್ತಾಗ್ತದ?"

ಆದರೆ ಒಂದು ವಿಷಯ ಇಂಪನಾಳನ್ನು ಕಾಡುತ್ತಿತ್ತು. ಫೈಲುಗಳ ಗಾತ್ರದ ಜೊತೆಗೆ ಅವು ಹುಟ್ಟಿದ ದಿನಾಂಕವೂ ಸಿಗುತ್ತಿತ್ತು. ಯಂತ್ರಗಳ ಕಸ ದಿನವೂ ಒಂದೇ ಹದದಲ್ಲಿ ಬೀಳುತ್ತದೆ. ಇದು ಹಾಗೆ ಬಿದ್ದಿರಲಿಲ್ಲ. ಕಣ್ಣು ಕೂರಿಸಿದ ಮೊದಲ ತಿಂಗಳುಗಳಲ್ಲಿ ರಾಶಿರಾಶಿಯಾಗಿ ಬೆಳೆದು, ಬರಬರುತ್ತ ನಿಧಾನವಾಗಿ, ಈಗೀಗ ಅಪರೂಪಕ್ಕೆ ಒಂದು ಚೂರು ಸೇರುತ್ತಿತ್ತು.

ಆ ಸಂಜೆ ಮನೆಯಲ್ಲಿ ಇಂಪನಾಳ ಎರಡು ವರ್ಷದ ಮಗಳು ತನ್ವಿ ಅಜ್ಜಿಯ ತೊಡೆಯ ಮೇಲೆ ಕೂತು ಚಪಾತಿ ತಿನ್ನುತ್ತಿದ್ದಳು. "ಸುಡಾಕತ್ತೈತಿ," ಎಂದಳು ತುಂಡನ್ನು ಕೆಳಗಿಟ್ಟು.

"ಅಯ್ಯ, ಇದನ್ನ ಯಾವಾಗ ಕಲತ್ಯೇ?" ಎಂದು ಅಜ್ಜಿ ನಕ್ಕರು. "ಇಂಪನಾ, ದಿನಕ್ಕ ಎಷ್ಟು ಮಾತು ಕಲೀತಾಳ ನೋಡು ಇಕಿ. ದೊಡ್ಡಾಕಿ ಆದಮ್ಯಾಲ ನಮ್ಮಂಗ, ಯಾವಾಗರ ಒಂದು."

ಇಂಪನಾ ನೀರಿನ ಲೋಟ ಕೈಯಲ್ಲಿ ಹಿಡಿದು ಹಾಗೇ ನಿಂತಳು. ಮೊದಲು ರಾಶಿರಾಶಿ, ಆಮೇಲೆ ಯಾವಾಗಲಾದರೂ ಒಂದು. ಇದನ್ನು ಅವಳು ಬೆಳಿಗ್ಗೆಯಷ್ಟೇ ಪರದೆಯ ಮೇಲೆ ನೋಡಿದ್ದಳು.

ಮರುದಿನ ಅವಳು ಲ್ಯಾಪ್‌ಟಾಪು ಹೆಗಲಿಗೇರಿಸಿ ಗದಗಿನ ಬಸ್ಸು ಹತ್ತಿದಳು.

ಬೇಕರಿಯಲ್ಲಿ ಖಾರಿ ಬಿಸ್ಕತ್ತು ಬೆಂದ ವಾಸನೆ ತುಂಬಿತ್ತು. ಗಲ್ಲಾದ ಹಿಂದೆ ರೋಹಿಣಿ, ಅದರಾಚೆ ಭಟ್ಟಿಯ ಬಾಗಿಲಲ್ಲಿ ಮೈಲಾರಪ್ಪ. ಗಿರಾಕಿ ಬಂದು ಬನ್ನು ಕೇಳಿದರೆ ರೋಹಿಣಿ ತಿರುಗದೆಯೇ ಹೆಗಲ ಮೇಲಿಂದ ಎರಡು ಬೆರಳು ತೋರಿಸುತ್ತಿದ್ದರು. ಒಳಗಿನಿಂದ ಟ್ರೇ ಬರುತ್ತಿತ್ತು. ಜೊತೆಗೆ ಏನೋ ತಮಾಷೆಯೂ ಬರುತ್ತಿತ್ತು. ಮೈಲಾರಪ್ಪನ ಕೈ ಗಾಳಿಯಲ್ಲಿ ಚಕಚಕನೆ ತಿರುಗಿದರೆ ರೋಹಿಣಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಇಷ್ಟು ಸರಾಗವಾದ ಮಾತನ್ನು ಇಂಪನಾ ಬಾಯಿಂದ ಆಡುವವರಲ್ಲೂ ಕಂಡಿರಲಿಲ್ಲ. ಕೆಲವೇ ಸಾವಿರ ಚುಕ್ಕೆಗಳಲ್ಲಿ ಈ ಹೆಂಗಸು ಇದನ್ನೆಲ್ಲ ಹೇಗೆ ಹಿಡಿಯುತ್ತಾರೆ ಎಂದು ಅವಳಿಗೆ ಬೆರಗಾಯಿತು.

"ಅಕ್ಕಾರ, ನಿಮ್ಮ ಕಣ್ಣಿಗೆ ಇದನ್ನ ಸ್ವಲ್ಪ ಜೋಡಿಸ್ತೀನಿ," ಎಂದು ಲ್ಯಾಪ್‌ಟಾಪು ಗಲ್ಲಾದ ಮೇಲಿಟ್ಟಳು. "ನೀವು ಕಂಡದ್ದು ನನಗ ಕಾಣೂದಿಲ್ಲ. ಎಷ್ಟು ಜಾಗಾ ತುಂಬೇತಿ ಅಂತ ಅಷ್ಟ ಕಾಣತೈತಿ. ನೀವಿಬ್ರೂ ಸುಮ್ನ ಮಾತಾಡ್ರಿ."

"ಏನ್ ಮಾತಾಡೂಣು?"

"ದಿನಾ ಏನ್ ಮಾತಾಡ್ತೀರಿ, ಅದ."

ಅವರು ಮಾತಾಡಿದರು. ಭಟ್ಟಿಯ ಬಗ್ಗೆಯೋ, ಮೈದಾಹಿಟ್ಟಿನ ಬಗ್ಗೆಯೋ, ಯಾರಿಗೆ ಗೊತ್ತು. ಪರದೆಯ ಮೇಲಿನ ಸಂಖ್ಯೆ ಕದಲಲಿಲ್ಲ. ಇಂಪನಾಳಿಗೆ ನಿರಾಸೆಯಾಯಿತು. ಮಗಳ ಮಾತು ಕೇಳಿ ತಾನು ಇಲ್ಲದ್ದನ್ನು ಕಲ್ಪಿಸಿಕೊಂಡೆನೇನೋ ಎನಿಸಿತು.

ಆಗ ಮೈಲಾರಪ್ಪ ಅವಳ ಕಡೆ ಬೆರಳು ಮಾಡಿ ಹೆಂಡತಿಯನ್ನು ಏನೋ ಕೇಳಿದರು. ರೋಹಿಣಿ ಕೈಯಾಡಿಸಿ, "'ಇವರಿಗೆ ಹೆಸರಿಲ್ಲೇನು?' ಅಂತ ಕೇಳಾಕತ್ತಾರ. ನಮ್ಮ ಮಾತಿನಾಗ ಎಲ್ಲಾರಿಗೂ ಒಂದು ಹೆಸರು ಇರತೈತ್ರಿ. ನಿಮಗ ಇನ್ನೂ ಇಟ್ಟಿಲ್ಲ," ಎಂದರು.

ಮೈಲಾರಪ್ಪ ಇಂಪನಾಳನ್ನು ತುಸು ಹೊತ್ತು ದಿಟ್ಟಿಸಿದರು. ಲ್ಯಾಪ್‌ಟಾಪನ್ನು ನೋಡಿದರು. ಆಮೇಲೆ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಚೋಟು ಅಳೆದಂತೆ ಮಾಡಿ, ಆ ಚೋಟನ್ನು ಹಾಗೇ ತಮ್ಮ ಕಣ್ಣಿನ ಪಕ್ಕಕ್ಕೆ ಒಯ್ದು, ಒಮ್ಮೆ ಮಿಟುಕಿಸಿದರು. ಕಣ್ಣನ್ನು ಅಳೆಯುವವಳು. ರೋಹಿಣಿ ಅದನ್ನೇ ಮಾಡಿ ತೋರಿಸಿದರು. ಅವರು ಬೆರಳು ತಿದ್ದಿದರು. ರೋಹಿಣಿ ಮತ್ತೆ ಮಾಡಿದರು.

ಪರದೆಯಲ್ಲಿ ಸಂಖ್ಯೆ ಏರಿತು.

ಏರಿದ್ದು ತೀರಾ ಸ್ವಲ್ಪ. ಆದರೆ ಏರಿದ್ದು ಆ ಯಾರದೂ ಅಲ್ಲದ ಜಾಗದಲ್ಲೇ. ಇಂಪನಾ ಸಂಖ್ಯೆಯನ್ನು ಬರೆದುಕೊಂಡು, "ಇನ್ನೊಂದು, ಹೊಸಾದು, ಯಾವತ್ತೂ ಹೇಳದ್ದು ಏನರ ಹೇಳಾಕ ಹೇಳ್ರಿ," ಎಂದಳು. ಮೈಲಾರಪ್ಪ ಲ್ಯಾಪ್‌ಟಾಪಿಗೂ ಒಂದು ಹೆಸರಿಟ್ಟರು. ಸಂಖ್ಯೆ ಮತ್ತೆ ಏರಿತು. ಹಳೆಯ ಮಾತಿಗೆ ಮರಳಿದರು. ನಿಂತಿತು.

ಇಂಪನಾಳ ಕಣ್ಣುಗಳು ಹನಿಗೂಡಿದವು. ಕೈಯ ಪ್ಯಾಕೇಜು ಕಟ್ಟಿದವರು ಅದರ ಮೇಲೆ ಬರೆದದ್ದು ಹುಟ್ಟಿದ ದಿನದ ತೂಕ. ಆಮೇಲೆ ಅದು ಈ ಬೇಕರಿಯಲ್ಲಿ ಕೂತು, ಯಾರೂ ಹೇಳಿಕೊಡದೆ, ಮೈಲಾರಪ್ಪನ ಯಾವ ಬೆರಳಿನ ಯಾವ ಬಾಗು ಮುಖ್ಯ, ಯಾವುದು ಅಲ್ಲ ಎಂದು ಒಂದೊಂದೇ ಕಲಿಯುತ್ತ ಬೆಳೆದಿತ್ತು. ಎಲ್ಲಿಯೂ ಪಾಠವಿಲ್ಲದ, ಜಗತ್ತಿನಲ್ಲಿ ಇಬ್ಬರೇ ಆಡುವ ಒಂದು ಭಾಷೆ ಆ ಹೆಸರಿಲ್ಲದ ಇನ್ನೂರೈವತ್ತು ಎಂಬಿಯೊಳಗೆ ಇತ್ತು. ಅಳಿಸಿದ್ದರೆ ಪ್ಯಾಕೇಜನ್ನು ಮತ್ತೆ ಹಾಕಬಹುದಿತ್ತು. ಭಾಷೆಯನ್ನು ಎಲ್ಲಿಂದಲೂ ತಂದು ಹಾಕಲಾಗುತ್ತಿರಲಿಲ್ಲ.

ಅವಳು ಅಲ್ಲಿಂದಲೇ ಜಾಲಿಹಾಳರಿಗೆ ಫೋನು ಮಾಡಿದಳು. ಎಲ್ಲ ಕೇಳಿದ ಮೇಲೆ ಅವರು, "ಛಲೋ ಆತು ನೀ ತಡದದ್ದು," ಎಂದರು. "ಆದ್ರ ಬ್ಯಾಸಿಗಿ ತಡಿಯೂದಿಲ್ಲವ್ವಾ. ಜಾಗಾ ಇನ್ನೂ ಬೇಕು."

ಇಂಪನಾ ಲ್ಯಾಬಿಗೆ ಮರಳಿ ಹೊಸದಾಗಿ ಶುರುಮಾಡಿದಳು. ಅಳತೆಗಳು ಹೇಳಿದ್ದನ್ನೇ ನಂಬಬಾರದು ಎಂಬುದು ಈಗ ಗಟ್ಟಿಯಾಗಿತ್ತು. ಹಾಗಾದರೆ ಬೇರೆಯವುಗಳ ವಿಷಯದಲ್ಲೂ ಅದನ್ನೇ ಕೇಳಬೇಕು. ಒಂದು ಪ್ಯಾಕೇಜು ಎಷ್ಟು ದೊಡ್ಡದು ಎಂದು ಕೇಳುವುದು ಒಂದು ಮಾತು. ಅದು ಹೋದರೆ ನಿಜವಾಗಿ ಎಷ್ಟು ಜಾಗ ತೆರವಾಗುತ್ತದೆ ಎಂದು ಕೇಳುವುದು ಬೇರೆಯೇ ಮಾತು.

ಮೊದಲು ಮುಖವನ್ನು ನೋಡಿದಳು. ಅದರ ದೊಡ್ಡ ಭಾಗವನ್ನು ದಾರಿ, ಕೈ ಎರಡೂ ಹಂಚಿಕೊಂಡು ಬಳಸುತ್ತಿದ್ದವು. ಮುಖ ತೆಗೆದರೂ ಆ ಭಾಗ ಅಲ್ಲೇ ಉಳಿಯುತ್ತಿತ್ತು. ಅಂದರೆ, ಮುಖವನ್ನು ಬಲಿಕೊಟ್ಟಿದ್ದರೂ ಜಾಗ ಸಾಲುತ್ತಿರಲಿಲ್ಲ.

ಬಣ್ಣದಲ್ಲಿ ಏನೂ ಸಿಗಲಿಲ್ಲ. ಅಕ್ಷರದ ಪ್ಯಾಕೇಜು ತನ್ನನ್ನು ತೊಂಬತ್ತು ಎಂಬಿ ಎಂದು ಹೇಳಿಕೊಳ್ಳುತ್ತಿತ್ತು. ಹಾಗಾಗಿಯೇ ಯಾರೂ ಅದರ ಕಡೆ ತಿರುಗಿ ನೋಡಿರಲಿಲ್ಲ. ಆದರೆ ಅದು ಬರುವಾಗ ಒಂಟಿಯಾಗಿ ಬಂದಿರಲಿಲ್ಲ. ಮದುವೆಮನೆಗೆ ಒಬ್ಬರನ್ನು ಕರೆದರೆ ಬಳಗವೇ ಬರುವ ಹಾಗೆ, ಬೇರೆ ಬೇರೆ ಲಿಪಿಗಳ ಅಚ್ಚುಗಳು, ಮುದುಡಿದ ಹಾಳೆಯನ್ನು ಸಪಾಟು ಮಾಡುವ ಪ್ರೋಗ್ರಾಮು, ಒಂದು ನಿಘಂಟು ಎಲ್ಲವನ್ನೂ ಕರೆತಂದಿತ್ತು. ಒಂದೊಂದೂ ಬೇರೆ ಹೆಸರಿನ ಪ್ಯಾಕೇಜು. ಇಂಪನಾ ಒಂದೊಂದನ್ನೂ ಹಿಡಿದು, ಇದು ಬೇರೆ ಯಾರಿಗಾದರೂ ಬೇಕೇ ಎಂದು ವಿಚಾರಿಸಿದಳು. ಮಬ್ಬು ಬೆಳಕನ್ನು ತಿದ್ದುವ ಒಂದು ಮಾತ್ರ ಮುಖಕ್ಕೂ ಬೇಕಿತ್ತು. ಅದನ್ನು ಉಳಿಸಿದಳು. ಮಿಕ್ಕವು ಅಕ್ಷರದ ಜೊತೆಗೇ ಹೋಗಬಲ್ಲವು. ಮೂಲೆಮೂಲೆಯಿಂದ ಕೂಡಿಸಿ ನೋಡಿದರೆ ಇನ್ನೂರರವತ್ತು ಆಯಿತು. ಸಾಕು.

ಸಾಕು ಎಂದು ಕಂಡಾಗ ಅವಳಿಗೆ ಸಂತೋಷದ ಜೊತೆಗೇ ಸಂಕಟವೂ ಆಯಿತು. ಈ ಮಾತನ್ನು ಅವಳೇ ಹೋಗಿ ಹೇಳಬೇಕಿತ್ತು.

"ಓದೂದು ಹೋಗತೈತಿ ಅಕ್ಕಾರ," ಎಂದಳು. "ಬೋರ್ಡು, ಪೇಪರು, ಫೋನಿನ ಮೆಸೇಜು ಏನೂ ಓದಾಕ ಬರೂದಿಲ್ಲ. ಅಕ್ಷರ ಬರೇ ಗೆರಿ ಕಂಡಂಗ ಕಾಣತಾವ. ಮುಂದ ಯಾವಾಗರ ಸಣ್ಣ ಪ್ಯಾಕೇಜು ಯಾರರ ಬರದ್ರ ಹಾಕೂಣು. ಅದು ಯಾವಾಗಂತ ನಾ ಹೇಳಾಂಗಿಲ್ಲ."

ರೋಹಿಣಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಅವರಿಗೆ ಓದುವುದೆಂದರೆ ಪ್ರಾಣ. ಕತ್ತಲೆಯ ವರ್ಷಗಳು ಮುಗಿದ ಮೇಲೆ ಅವರು ಮೊದಲು ಮಾಡಿದ ಕೆಲಸ, ಗದಗಿನ ಬಜಾರಿನ ಅಂಗಡಿಗಳ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತ ನಡೆದದ್ದು. ಗಂಡನಿಗೆ ವಿಷಯ ತಿಳಿಸಿದರು. ಮೈಲಾರಪ್ಪ ಹಿಟ್ಟಿನ ಕೈಯನ್ನು ಒರೆಸಿಕೊಳ್ಳದೆ ನಿಧಾನವಾಗಿ ಏನೋ ಹೇಳಿದರು. ರೋಹಿಣಿ ಇಂಪನಾಳ ಕಡೆ ತಿರುಗಿದರು.

"ಇವರು ಸಾಲಿ ಕಂಡವರಲ್ಲ ತಂಗಿ. ಇವರ ಅಪ್ಪ ಇದ ಭಟ್ಟಿ ಮುಂದ ಕೂಡ್ರಿಸಿ, ಕಣಕದಾಗ ಅಕ್ಷರ ಮಾಡಿ ಮಾಡಿ ಕಲಿಸಿದ್ನಂತ. ಓದಾಕ ಇವರಿಗೆ ನನಗಿಂತ ಛಲೋ ಬರತೈತಿ. 'ಮನ್ಯಾಗ ಓದಾವ ಒಬ್ಬ ಇದ್ರ ಸಾಕು' ಅನ್ನಾಕತ್ತಾರ." ಕನ್ನಡಕ ಮತ್ತೆ ಏರಿಸಿದರು. "ತಗದಬಿಡ್ರಿ. ಕೈ ಮುಟ್ಟಬ್ಯಾಡ್ರಿ, ಮುಖ ಮುಟ್ಟಬ್ಯಾಡ್ರಿ."

ಬೇಸಿಗೆಗೆ ಮುಂಚೆ ಕೇಂದ್ರದಲ್ಲಿ ಕೆಲಸ ನಡೆಯಿತು. ಇಂಪನಾ ಅಕ್ಷರವನ್ನೂ ಅದರ ಬಳಗವನ್ನೂ ತೆಗೆದಳು. ಜಾಗ ಅವಳು ಹೇಳಿದಷ್ಟೇ ತೆರವಾಯಿತು. ಆದರೆ ಹೊಸ ಪ್ರೋಗ್ರಾಮು ಗಂಟಿನ ರೂಪದಲ್ಲಿ ಒಳಗೆ ಹೋಗಿ ಅಲ್ಲೇ ಬಿಚ್ಚಿಕೊಳ್ಳಬೇಕು. ಗಂಟಿಗೂ ಜಾಗ, ಬಿಚ್ಚಿದ್ದಕ್ಕೂ ಜಾಗ ಎಂದರೆ ಹಿಡಿಸುತ್ತಿರಲಿಲ್ಲ. ಇಂಪನಾ ಅದನ್ನು ಮೊದಲೇ ಯೋಚಿಸಿ ಗಂಟನ್ನು ಸಣ್ಣ ಸಣ್ಣ ಕಟ್ಟುಗಳಾಗಿ ಮಾಡಿಟ್ಟಿದ್ದಳು. ಒಂದು ಕಟ್ಟು ಹೋಗಿ, ಬಿಚ್ಚಿ, ಖಾಲಿಯಾದ ಮೇಲೆ ಇನ್ನೊಂದು.

ಅಷ್ಟು ಹೊತ್ತೂ ಕಣ್ಣು ಆರಿತ್ತು. ರೋಹಿಣಿ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಮೈಲಾರಪ್ಪ ಪಕ್ಕದಲ್ಲಿ ಮಂಡಿಯೂರಿ ಅವರ ಅಂಗೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು. ಬೆರಳು ಮಡಚಿದರು, ಬಿಡಿಸಿದರು, ಒತ್ತಿದರು. ಎಷ್ಟೋ ವರ್ಷ ಆಡದೆ ಬಿಟ್ಟಿದ್ದ ಆ ಮಾತನ್ನು ಇಬ್ಬರೂ ಮರೆತಿರಲಿಲ್ಲ. ಜಾಲಿಹಾಳ ಪರದೆ ನೋಡುವುದನ್ನು ಬಿಟ್ಟು ಆ ಕೈಗಳನ್ನೇ ನೋಡುತ್ತ ನಿಂತಿದ್ದರು.

ಕೊನೆಯ ಕಟ್ಟು ಬಿಚ್ಚಿಕೊಂಡಿತು. ಇಂಪನಾ ಕಣ್ಣನ್ನು ಚಾಲೂ ಮಾಡಿದಳು. ರೋಹಿಣಿ ರೆಪ್ಪೆ ಬಡಿದು, ಗಂಡನ ಕಡೆ ಮುಖ ತಿರುಗಿಸಿದರು. ಮೈಲಾರಪ್ಪ ಕೈಯೆತ್ತಿ ಏನೋ ಹೇಳಿ, ಹುಬ್ಬೇರಿಸಿದರು.

"ಉಂಡಿಲ್ಲ ಅಂತ ಹೇಳಾಕಬೇಕೀಗ," ಎಂದು ರೋಹಿಣಿ ನಕ್ಕರು. ಜಾಲಿಹಾಳ ಕನ್ನಡಕ ತೆಗೆದು ಮೂಗು ಒರೆಸಿಕೊಂಡರು.

ಬಿಸಿಲು ಏರಿದ ಮೇಲೆ ಇಂಪನಾ ಒಮ್ಮೆ ಜಾಲರಿಯ ಕಾವು ನೋಡಲು ಗದಗಿಗೆ ಹೋದಳು. ಕಾವು ಹದದಲ್ಲೇ ಇತ್ತು. ಅವಳು ಬಂದಾಗ ಬೇಕರಿಯ ಮುಂದೆ ಐದಾರು ಗಿರಾಕಿಗಳು ನಿಂತಿದ್ದರು. ಯಾರೂ ಅವಸರ ಮಾಡುತ್ತಿರಲಿಲ್ಲ. ಗಲ್ಲಾದ ಮೇಲೆ ದಿನಪತ್ರಿಕೆ ಹರಡಿತ್ತು. ಮೈಲಾರಪ್ಪ ಅದರ ಮೇಲೆ ಬಾಗಿ ಒಂದು ಸಾಲು ಓದಿಕೊಂಡು, ತಲೆಯೆತ್ತಿ ಎರಡೂ ಕೈಗಳಲ್ಲಿ ಹೇಳುತ್ತಿದ್ದರು. ಕೈಗೆ ಮೆತ್ತಿದ್ದ ಹಿಟ್ಟು ಬಿಸಿಲಲ್ಲಿ ಪುಡಿಯಾಗಿ ಉದುರುತ್ತಿತ್ತು. ಯಾರೋ ಮಂತ್ರಿ ಬಂದರು, ಹೋದರು, ಎಲ್ಲೋ ಸೇತುವೆ ಕಟ್ಟಿದರು, ಎಲ್ಲೋ ಮಳೆ ಬಂತು. ಎಲ್ಲಕ್ಕೂ ಅವರ ಮುಖ ಬದಲಾಗುತ್ತಿತ್ತು. ರೋಹಿಣಿ ಗಲ್ಲಕ್ಕೆ ಕೈಯಿಟ್ಟು ಕಣ್ಣು ಕೀಲಿಸಿ ನೋಡುತ್ತಿದ್ದವರು ಇದ್ದಕ್ಕಿದ್ದಂತೆ ಕಿಲಕಿಲ ನಕ್ಕರು.

"ಏನಂತ್ರೀ ಅಕ್ಕಾರ ಇವತ್ತ ಪೇಪರಿನಾಗ?" ಎಂದು ಮುಂದೆ ನಿಂತಿದ್ದವನು ತಾಳಲಾರದೆ ಕೇಳಿದ.

"ತಡೀರಿ," ಎಂದರು ರೋಹಿಣಿ, ಗಂಡನ ಕೈಗಳಿಂದ ಕಣ್ಣು ಕೀಳದೆ. "ಇನ್ನೂ ಅರ್ಧಾ ಹೇಳ್ಯಾರ."

ಗಿರಾಕಿಗಳು ಬನ್ನು ಕೈಯಲ್ಲಿ ಹಿಡಿದುಕೊಂಡೇ ಕಾದರು. ಇಂಪನಾಳೂ ಅವರ ಹಿಂದೆ ನಿಂತಳು.